ಮಿಕ್ಕಿ ಮೌಸ್ ಅವರ ಸನ್ನಿಧಾನಕ್ಕೆ: ಊಟದ ಬಿಲ್ಲಿನ ವಿಚಾರವಾಗಿ

ಸನ್ಮಾನ್ಯ ಶ್ರೀ ಮಿಕ್ಕಿ ಮೌಸ್ ಅವರಿಗೆ,
ವಾಲ್ಟ್ ಡಿಸ್ನಿ ವರ್ಲ್ಡ್, ಫ್ಲಾರಿಡಾ.

ವಿಷಯ: ತಮ್ಮ ಸಮ್ಮುಖದಲ್ಲಿ ಉಣ್ಣುವುದು ಕೊಟ್ಟ ದುಡ್ಡಿಗೆ ಸಾರ್ಥಕವೋ ಅಲ್ಲವೋ ಎಂಬ ಬಗ್ಗೆ.

ಮಾನ್ಯರೇ,

1928ರ ನವೆಂಬರ್ 18ರಂದು ನ್ಯೂಯಾರ್ಕಿನಲ್ಲಿ ‘ಸ್ಟೀಮ್‌ಬೋಟ್ ವಿಲ್ಲಿ’ ತೆರೆ ಕಂಡ ದಿನವೇ ತಮ್ಮ ಜನ್ಮದಿನವೆಂದು ತಮ್ಮ ಕಂಪನಿಯವರೇ ಆಚರಿಸುತ್ತಾರೆ. ಆ ಲೆಕ್ಕಕ್ಕೆ ತಮಗೆ 95 ದಾಟಿ ಆಯಿತು. ಕನ್ನಡ ನಾಡಿನ ಹಿರಿಯರು ಈ ವಯಸ್ಸಿಗೆ ಗಂಜಿ ಕುಡಿದು ಜಗಲಿಯ ಮೇಲೆ ಕೂತಿರುತ್ತಾರೆ. ತಾವು ಇನ್ನೂ ಬೆಳಗಾಗೆದ್ದು ಅಡುಗೆಯವರ ವೇಷ ತೊಟ್ಟು, ಮೇಜಿನಿಂದ ಮೇಜಿಗೆ ಸುತ್ತಿ, ಕಂಡವರ ಮಕ್ಕಳನ್ನೆಲ್ಲ ಅಪ್ಪಿಕೊಂಡು ಫೋಟೊಕ್ಕೆ ನಿಲ್ಲುತ್ತೀರಿ. ತಮ್ಮ ಕಸುವಿಗೆ ಮೊದಲು ಒಂದು ನಮಸ್ಕಾರ. ಬಿಲ್ಲಿನ ಮಾತು ಆಮೇಲೆ.

ಬಹಿರಂಗ ಪತ್ರವಾದ್ದರಿಂದ ತಮಗೆ ಗೊತ್ತಿರುವುದನ್ನೂ ಓದುಗರಿಗಾಗಿ ಬಿಡಿಸಿ ಹೇಳಬೇಕು. ಒರ್ಲ್ಯಾಂಡೊ ಬಳಿಯ ತಮ್ಮ ಸಾಮ್ರಾಜ್ಯ 1971ರ ಅಕ್ಟೋಬರ್ 1ರಂದು ಬಾಗಿಲು ತೆರೆಯಿತು. ಅಲ್ಲಿನ ಕಂಟೆಂಪೊರರಿ ಎಂಬ ಹೋಟೆಲಿನ ಹೊಟ್ಟೆಯೊಳಗಿಂದಲೇ ಮಾನೋರೈಲು ಹಾದುಹೋಗುತ್ತದೆ. ಅದರಡಿಯಲ್ಲೇ ‘ಚೆಫ್ ಮಿಕ್ಕೀಸ್’ ಎಂಬ ಬಫೆ. ಮಂದಿ ತಟ್ಟೆ ಹಿಡಿದು ತಿನ್ನುತ್ತಿರುವಾಗ ತಾವು, ಮಿನ್ನಿ, ಡೊನಾಲ್ಡ್, ಗೂಫಿ, ಪ್ಲೂಟೊ ಐವರೂ ಸರದಿಯ ಮೇಲೆ ಮೇಜಿಗೆ ಬಂದು ದರ್ಶನ ಕೊಡುತ್ತೀರಿ. ಎಪ್ಕಾಟ್ ಪಾರ್ಕಿನ ಗಾರ್ಡನ್ ಗ್ರಿಲ್ ರೆಸ್ಟೋರೆಂಟಿನಲ್ಲಿ ನೆಲವೇ ನಿಧಾನಕ್ಕೆ ತಿರುಗುತ್ತಿರುತ್ತದೆ, ಅಲ್ಲಿ ಚಿಪ್ ಮತ್ತು ಡೇಲ್ ಎಂಬ ಅಳಿಲು ಜೋಡಿ. ವಿಲ್ಡರ್ನೆಸ್ ಲಾಡ್ಜ್ ಹೋಟೆಲಿನಲ್ಲಿ ಸ್ನೋ ವೈಟ್ ಕಡೆಯವರು. ಆ ದುಷ್ಟ ರಾಣಿ ಮಾತ್ರ ಯಾರ ಮೇಜಿಗೂ ಬರುವುದಿಲ್ಲ, ಬೇಕಾದವರು ತಾವೇ ಎದ್ದು ಆಕೆಯ ಮುಂದೆ ಹೋಗಿ ನಿಲ್ಲಬೇಕು. ಇಡೀ ಪರಿವಾರದಲ್ಲಿ ಸ್ವಾಭಿಮಾನ ಉಳಿಸಿಕೊಂಡವಳು ಅವಳೊಬ್ಬಳೇ ಎಂದು ಹಲವು ದೊಡ್ಡವರಿಗೆ ಅನ್ನಿಸಿದರೆ ತಾವು ತಪ್ಪು ತಿಳಿಯಬಾರದು.

ಈಗ ದೂರುದಾರರ ಪರಿಚಯ. ನ್ಯೂಜೆರ್ಸಿಯಲ್ಲೋ ಡಲ್ಲಾಸಿನಲ್ಲೋ ಸ್ಯಾನ್‌ಹೊಸೆಯಲ್ಲೋ ನೆಲೆಸಿದ ಕನ್ನಡದ ಸಂಸಾರ. ಗಂಡ, ಹೆಂಡತಿ, ಹತ್ತು ತುಂಬಿದ ಮಗ, ನಾಲ್ಕು ವರ್ಷದ ಮಗಳು, ಆರು ತಿಂಗಳ ಮಟ್ಟಿಗೆ ದಾವಣಗೆರೆಯಿಂದ ಬಂದ ಅಜ್ಜ, ಅಜ್ಜಿ. ಅಪ್ಪ ಅಮ್ಮನಿಗೆ ನಯಾಗರ ತೋರಿಸಿ ಆಗಿದೆ, ಹೊಸ ಹೊಸ ದೇವಸ್ಥಾನಗಳೂ ಆಗಿವೆ. ಇನ್ನು ಉಳಿದಿದ್ದು ತಾವು.

ತಮ್ಮ ಜೊತೆ ಉಣ್ಣಲು ಬಂದವರಿಗೆಲ್ಲ ಮಣೆ ಸಿಗುವುದಿಲ್ಲ. 60 ದಿನ ಮುಂಚೆ ಬುಕಿಂಗ್ ತೆರೆಯುತ್ತದೆ. ಮೊದಲು ಅದು 180 ದಿನ ಇತ್ತು. ಮುಂದಿನ ವರ್ಷದ ಮೊಟ್ಟೆಗೆ ಈ ವರ್ಷವೇ ಚೀಟಿ ಹಾಕುವ ಕಾಲ ಅದು. ತಮ್ಮದೇ ಹೋಟೆಲಿನಲ್ಲಿ ಉಳಿದುಕೊಂಡವರಿಗೆ ವಾಸ್ತವ್ಯದ ಮೊದಲ ಹತ್ತು ದಿನದ ಊಟವನ್ನು ಒಂದೇ ಸಲಕ್ಕೆ ಕಾಯ್ದಿರಿಸುವ ಸವಲತ್ತಿದೆ. ಹೊರಗಿನ ಅಗ್ಗದ ಹೋಟೆಲು ಹಿಡಿದ ಕನ್ನಡಿಗ ಸಾಲಿನ ಹಿಂದೆ. ಫ್ಲಾರಿಡಾದಲ್ಲಿ ಬೆಳಗಿನ ಆರು ಎಂದರೆ ಕ್ಯಾಲಿಫೋರ್ನಿಯಾದಲ್ಲಿ ಮೂರು. ಸ್ಯಾನ್‌ಹೊಸೆಯ ಸಂಸಾರಸ್ಥ ಆ ಹೊತ್ತಿಗೆದ್ದು, ಹೆಂಡತಿಯ ಫೋನಿನಲ್ಲೂ ಆ್ಯಪ್ ತೆರೆದು ಕೂರುತ್ತಾನೆ. ಕಾಯ್ದಿರಿಸಿ ಬಾರದೇ ಹೋದರೆ ತಲೆಗೆ 10 ಡಾಲರ್ ದಂಡ. ಉಣ್ಣದ ಊಟಕ್ಕೆ ದುಡ್ಡು ತೆರುವ ಅನುಭವ ಮದುವೆ ಛತ್ರದ ಲೆಕ್ಕ ಕಟ್ಟಿದ ಹೆಣ್ಣು ಹೆತ್ತವರಿಗೆ ಹೊಸದೇನಲ್ಲ ಬಿಡಿ.

ಲೆಕ್ಕಕ್ಕೆ ಬರೋಣ. ದರ ದಿನದಿಂದ ದಿನಕ್ಕೆ ಏರಿಳಿಯುತ್ತದೆ, ಆದರೆ ಚೆಫ್ ಮಿಕ್ಕೀಸ್‌ನಲ್ಲಿ ರಾತ್ರಿಯೂಟಕ್ಕೆ ದೊಡ್ಡವರಿಗೆ 65 ಡಾಲರ್, ಮಕ್ಕಳಿಗೆ 40 ಎಂದು ಹಿಡಿದರೆ ತಮಗೆ ಅನ್ಯಾಯವಾಗುವುದಿಲ್ಲ, ಯಾಕೆಂದರೆ ಅಸಲು ಅದಕ್ಕಿಂತ ಮೇಲೆಯೇ ಇರುತ್ತದೆ. ತಮ್ಮ ನ್ಯಾಯದಲ್ಲಿ ಮೂರರಿಂದ ಒಂಬತ್ತರ ತನಕ ಮಗು. ಹತ್ತು ತುಂಬಿದರೆ ವಯಸ್ಕ. ಅಂದರೆ ಈ ಸಂಸಾರದಲ್ಲಿ ಐದು ಜನ ದೊಡ್ಡವರು, ಒಂದು ಮಗು: 365 ಡಾಲರ್. ಅದರ ಮೇಲೆ ಶೇಕಡಾ ಆರೂವರೆ ತೆರಿಗೆ. ಆರು ಜನ ಒಟ್ಟಿಗೆ ಕೂತರೆ ಶೇಕಡಾ 18 ಟಿಪ್ಸ್ ಬಿಲ್ಲಿನಲ್ಲೇ ತಾನಾಗಿ ಸೇರಿಕೊಳ್ಳುತ್ತದೆ. ಒಟ್ಟು 450 ಡಾಲರಿಗೂ ಸ್ವಲ್ಪ ಮೇಲೆ. ಅಜ್ಜ ಮೇಜಿನ ಮೇಲಿದ್ದ ಕರವಸ್ತ್ರದ ಮೇಲೆ ಪೆನ್ನಿನಲ್ಲಿ ಗುಣಿಸಿ ನೋಡಿ, ಸುಮಾರು 40,000 ರೂಪಾಯಿ ಎಂದು ಕಂಡು, ಆ ಕರವಸ್ತ್ರವನ್ನು ಮಡಿಸಿ ಜೇಬಿಗಿಟ್ಟುಕೊಳ್ಳುತ್ತಾರೆ. ಅಷ್ಟರಲ್ಲಿ ತಮ್ಮವರು ಸಂಗೀತ ಹಚ್ಚಿ, ಎಲ್ಲರೂ ಕರವಸ್ತ್ರವನ್ನು ತಲೆಯ ಮೇಲೆ ಗಿರ್ರನೆ ತಿರುಗಿಸಬೇಕೆಂದು ಹುರಿದುಂಬಿಸುತ್ತಾರೆ. ತಿರುಗಿಸಲು ಅಜ್ಜನ ಕೈಯಲ್ಲಿ ಏನೂ ಇರುವುದಿಲ್ಲ.

ಹತ್ತು ವರ್ಷದವನನ್ನು ವಯಸ್ಕ ಎಂದು ತೀರ್ಮಾನಿಸಿದ ಮಹಾನುಭಾವರು ಯಾರೆಂದು ತಿಳಿಸಬೇಕಾಗಿ ವಿನಂತಿ. ಆ ದೇಶದಲ್ಲಿ ಹತ್ತು ವರ್ಷದವನು ವೋಟು ಹಾಕುವಂತಿಲ್ಲ, ಕಾರು ಓಡಿಸುವಂತಿಲ್ಲ, ಆದರೆ ಬಫೆಯ ಮುಂದೆ ಅವನು ತನ್ನ ಅಜ್ಜನಿಗೆ ಸಮಾನ. ಇಷ್ಟಕ್ಕೂ ಅವನು ತಿನ್ನುವುದು ಎರಡು ತುಂಡು ಪಿಜ್ಜಾ. ತಮ್ಮನ್ನು ಕಂಡರೆ ನಾಚಿಕೆ. ಗೆಳೆಯರು ನೋಡಿಬಿಟ್ಟರೆ ಎಂದು ಫೋಟೊದಲ್ಲಿ ಮುಖ ತಿರುಗಿಸಿ ನಿಲ್ಲುತ್ತಾನೆ. ಆ ಕಡೆ ಮೂರರ ಒಳಗಿನ ಕೂಸುಗಳಿಗೆ ಊಟ ಪುಕ್ಕಟೆ. ಅವು ಆರಡಿ ಗೂಫಿಯನ್ನು ಹತ್ತಿರದಿಂದ ಕಂಡ ಕ್ಷಣ ಕಿಟಾರನೆ ಕಿರುಚಿ ಅಮ್ಮನ ಕೊರಳಿಗೆ ಜೋತುಬೀಳುತ್ತವೆ. ಪುಕ್ಕಟೆ ಇದ್ದಾಗ ಹೆದರಿಕೆ, ಪೂರ್ತಿ ದರ ಆದಾಗ ನಾಚಿಕೆ. ನಡುವಿನ ಆರೇಳು ವರ್ಷದಲ್ಲಿ ತಮ್ಮನ್ನು ನಿಜವೆಂದೇ ನಂಬುವ ವಯಸ್ಸು ಇನ್ನೂ ಕಮ್ಮಿ. ಆ ನಾಲ್ಕರ ಹುಡುಗಿ ಸರಿಯಾಗಿ ಅಲ್ಲಿದ್ದಾಳೆ. ಅವಳಿಗಾಗಿ ಉಳಿದ ಐದು ಜನ ವಯಸ್ಕರ ದರ ಕಟ್ಟಿದ್ದಾರೆ.

ಹಿಂದೆ ಕರ್ನಾಟಕದ ಊರುಗಳಿಗೆ ಹಗಲುವೇಷದವರು ಬರುತ್ತಿದ್ದರು. ರಾಮ, ಭೀಮ, ಹನುಮಂತ, ಎಲ್ಲರೂ ಮುಖಕ್ಕೆ ಬಣ್ಣ ಬಳಿದುಕೊಂಡು ಹಾರ್ಮೋನಿಯಂ, ತಬಲಾದೊಂದಿಗೆ ಮನೆಯ ಬಾಗಿಲಿಗೇ ಬಂದು ಹಾಡಿ, ಸಂಭಾಷಣೆ ಹೇಳಿ, ಮೊರದ ತುಂಬ ಜೋಳವೋ ಅಕ್ಕಿಯೋ ಪಡೆದು ಮುಂದಿನ ಮನೆಗೆ ಹೋಗುತ್ತಿದ್ದರು. ವೇಷದವರಿಗೆ ಮನೆಯವರು ಊಟಕ್ಕೆ ದಾರಿ ಮಾಡುತ್ತಿದ್ದರು. ಅಜ್ಜಿಗೆ ಅದೆಲ್ಲ ನೆನಪಿದೆ. ವೇಷದವರ ಮನೆಗೆ ತಾವೇ ವಿಮಾನ ಹತ್ತಿ ಹೋಗಿ, ದುಡ್ಡನ್ನೂ ಕೊಟ್ಟು, ತಟ್ಟೆಯನ್ನೂ ತಾವೇ ಹಿಡಿದು ಸಾಲಿನಲ್ಲಿ ನಿಲ್ಲುವ ಪದ್ಧತಿ ಆಕೆಗೆ ಸ್ವಲ್ಪ ಉಲ್ಟಾ ಅನ್ನಿಸಿದರೆ ಆಶ್ಚರ್ಯವಿಲ್ಲ.

ಹಗಲುವೇಷದವರಿಗೆ ಮಾತಿತ್ತು. ತಮಗಿಲ್ಲ. ರಾಜಕುಮಾರಿಯರು ಮಾತಾಡುತ್ತಾರೆ, ತುಪ್ಪಳದ ವೇಷದವರು ಮೂಕಾಭಿನಯ ಮಾಡುತ್ತಾರೆ; ಅದು ತಮ್ಮಲ್ಲಿನ ಶಾಸ್ತ್ರ. ಇದರಲ್ಲಿ ಅಜ್ಜಿಗೆ ಅನುಕೂಲವೇ ಆಯಿತು ಅನ್ನಿ. ಇಂಗ್ಲಿಷು ಬಾರದವರಿಗೂ ಬರುವವರಿಗೂ ಗೂಫಿಯ ಮುಂದೆ ಒಂದೇ ಮರ್ಯಾದೆ. ಅವನು ಬಂದು ಸೀರೆಯ ಸೆರಗನ್ನು ಎರಡು ಬೆರಳಲ್ಲಿ ಮುಟ್ಟಿ, ಕೆನ್ನೆಗೆ ಕೈಯಿಟ್ಟು, ಆಹಾ ಎಂಬಂತೆ ಹಿಂದಕ್ಕೆ ಬಾಗಿದ. ಅಜ್ಜಿ ನಕ್ಕು, ‘ಇಳಕಲ್ಲು ಕಣಪ್ಪ’ ಎಂದು ಕನ್ನಡದಲ್ಲೇ ಹೇಳಿ, ಮಗನ ಕಡೆ ತಿರುಗಿ ‘ಇವ್ನು ನಾಯೀನೋ ಹಸೂನೋ?’ ಎಂದು ಕೇಳಿದರು. ನಾಯಿ ಎಂದಾಗ, ಹಾಗಾದರೆ ಮುಂಚೆ ಬಂದ ಆ ಹಳದಿಯದು ಏನು ಎಂಬ ಪ್ರಶ್ನೆ. ಅದೂ ನಾಯಿ. ಒಂದಕ್ಕೆ ಪ್ಯಾಂಟು ಟೋಪಿ, ಇನ್ನೊಂದಕ್ಕೆ ಬರೀ ಕುತ್ತಿಗೆ ಪಟ್ಟಿ ಯಾಕೆ ಎಂಬುದಕ್ಕೆ ಮಗನ ಹತ್ತಿರ ಉತ್ತರವಿರಲಿಲ್ಲ. ತಮ್ಮ ಹತ್ತಿರ ಇದ್ದರೆ ಉತ್ತರದಲ್ಲಿ ತಿಳಿಸುವುದು.

ವೇಷದೊಳಗಿನ ಬೆವರಿಗೆ ಯಾರೂ ಬೆಲೆ ಕಟ್ಟುತ್ತಿಲ್ಲ. ಆ ಜನರ ಪಾಡು ಗೊತ್ತಿರುವವರಿಗೆ ಈ ಬಿಲ್ಲು ಅವರ ಕೈಗೆ ಹೋಗುತ್ತಿದ್ದರೆ ಚಿಂತೆಯೇ ಇರುತ್ತಿರಲಿಲ್ಲ. ಒರ್ಲ್ಯಾಂಡೊದಲ್ಲಿ ವೇಷಧಾರಿಗಳು ಸೇರಿರುವುದು ಟೀಮ್‌ಸ್ಟರ್ಸ್ ಸಂಘಕ್ಕೆ, ಅಂದರೆ ಲಾರಿ ಚಾಲಕರ ಸಂಘವೆಂದೇ ಹೆಸರಾದ ಯೂನಿಯನ್ನಿಗೆ. 2001ರಲ್ಲಿ ಆ ಸಂಘ ಕಂಪನಿಯೊಂದಿಗೆ ಕೂತು ಗೆದ್ದ ಬೇಡಿಕೆ ಏನು ಗೊತ್ತೇ? ಒಬ್ಬೊಬ್ಬರಿಗೂ ಅವರದೇ ಒಳಉಡುಪು. ಅಲ್ಲಿಯವರೆಗೆ ವೇಷದ ಕೆಳಗೆ ತೊಡುವ ಕಂಪನಿಯ ಒಳಉಡುಪನ್ನು ಹಂಚಿಕೊಂಡು ಹಾಕಿಕೊಳ್ಳಬೇಕಿತ್ತು, ಸರಿಯಾಗಿ ಒಗೆಯದೆ ಹೇನು, ಕಜ್ಜಿ ಹತ್ತಿದೆಯೆಂದು ದೂರುಗಳಿದ್ದವು. ಒಪ್ಪಂದವಾದ ಮೇಲೆ ಅವರವರದನ್ನು ಮನೆಗೊಯ್ದು ಒಗೆದುಕೊಳ್ಳುವಂತಾಯಿತು. ಕ್ಯಾಲಿಫೋರ್ನಿಯಾದ ಡಿಸ್ನಿಲ್ಯಾಂಡಿನ ವೇಷಧಾರಿಗಳಂತೂ 2024ರ ಮೇ ತಿಂಗಳಲ್ಲಿ ನಟರ ಸಂಘ ಸೇರಲು ಮತ ಹಾಕಿದರು: ಪರವಾಗಿ 953, ವಿರೋಧ 258. ಅದೇ ಆರ್ಥಿಕ ವರ್ಷ ಪಾರ್ಕು, ಹೋಟೆಲು, ಹಡಗು ಎಲ್ಲ ಸೇರಿದ ತಮ್ಮ ವಿಭಾಗದ ಆದಾಯ 3,400 ಕೋಟಿ ಡಾಲರಿಗೂ ಹೆಚ್ಚು.

ಊಟದ ರುಚಿಯ ಬಗ್ಗೆ ಹೆಚ್ಚು ಬರೆಯುವುದಕ್ಕಿಲ್ಲ. ಬಫೆ ಬಫೆಯೇ. ತಮ್ಮ ಮುಖದಾಕಾರದ ವ್ಯಾಫಲ್ ಬೆಳಗ್ಗೆ ಚೆನ್ನಾಗಿರುತ್ತದೆ, ಕಿವಿಯನ್ನು ಮೊದಲು ತಿನ್ನುವುದು ಮಕ್ಕಳ ವಾಡಿಕೆ. 2019ರಿಂದ ತಮ್ಮ ಮೆನುಗಳಲ್ಲಿ ಸಸ್ಯಜನ್ಯ ಪದಾರ್ಥಕ್ಕೆ ಎಲೆಯ ಗುರುತು ಬಂದಿದೆ, ಮೊದಲೇ ಹೇಳಿದರೆ ಅಡುಗೆಯವರು ಬೇರೆ ಮಾಡಿಯೂ ಕೊಡುತ್ತಾರೆ; ಇದನ್ನು ಒಪ್ಪಿಕೊಳ್ಳಲೇಬೇಕು. ಆದರೂ ಅಜ್ಜಿಯ ತಟ್ಟೆಗೆ ಬಿದ್ದಿದ್ದು ಸೊಪ್ಪು, ಹಣ್ಣು, ಒಂದು ಸೌಟು ಮ್ಯಾಕರೋನಿ. 65 ಡಾಲರಿನ ಕಲ್ಲಂಗಡಿ ಹಣ್ಣನ್ನು ಆಕೆ ಬೀಜ ತೆಗೆದು ತಿಂದರು.

ಇದಕ್ಕಿಂತ ಎತ್ತರದ ಪಂಕ್ತಿಯೂ ಇದೆ. ಮ್ಯಾಜಿಕ್ ಕಿಂಗ್‌ಡಂ ಪಾರ್ಕಿನ ನಡುಮಧ್ಯೆ 189 ಅಡಿಯ ಸಿಂಡರೆಲಾ ಕೋಟೆ, ಅದರೊಳಗೆ ‘ಸಿಂಡರೆಲಾಸ್ ರಾಯಲ್ ಟೇಬಲ್’. ಅದು ಪಾರ್ಕಿನ ಒಳಗಿರುವುದರಿಂದ ತಲೆಗೆ 100 ಡಾಲರಿಗೂ ಮೇಲಿನ ಪ್ರವೇಶದ ಟಿಕೆಟ್ಟೂ ಬೇಕು. 1997ರವರೆಗೆ ಅದರ ಹೆಸರು ‘ಕಿಂಗ್ ಸ್ಟೆಫಾನ್ಸ್ ಬ್ಯಾಂಕ್ವೆಟ್ ಹಾಲ್’. ಸ್ಟೆಫಾನ್ ಯಾರು? ತಮ್ಮದೇ ಕಂಪನಿಯ ಇನ್ನೊಂದು ಚಿತ್ರದ ಸ್ಲೀಪಿಂಗ್ ಬ್ಯೂಟಿಯ ಅಪ್ಪ. ಸಿಂಡರೆಲಾಗೂ ಅವನಿಗೂ ನೆಂಟಸ್ತಿಕೆ ಇಲ್ಲ. ಯಾರದೋ ಮನೆಯಲ್ಲಿ ಯಾರದೋ ಅಪ್ಪನ ಹೆಸರಿನಲ್ಲಿ ಕಾಲು ಶತಮಾನ ಪಂಕ್ತಿ ನಡೆಯಿತು, ಉಂಡವರು ಕೇಳಲಿಲ್ಲ. ಗಂಟಲಲ್ಲಿ ತುತ್ತಿದ್ದಾಗ ವಂಶಾವಳಿ ಯಾರಿಗೆ ಬೇಕು?

ಹಾಗಿದ್ದರೆ ಹೋಗಬೇಡಿ ಎನ್ನಬೇಕೆ? ಇಲ್ಲಿ ಒಂದು ಸತ್ಯವನ್ನು ತಮ್ಮ ಪರವಾಗಿಯೇ ಹೇಳಬೇಕು. ಪಾರ್ಕಿನೊಳಗೆ ತಮ್ಮನ್ನು ಕಾಣಲು ಬೇರೆ ದುಡ್ಡು ಕೊಡಬೇಕಿಲ್ಲ. ಟೌನ್ ಸ್ಕ್ವೇರ್ ಥಿಯೇಟರಿನಲ್ಲಿ ತಾವು ನಿಂತಿರುತ್ತೀರಿ, ಸಾಲು ಹಿಡಿದು ಬಂದರೆ ಅದೇ ಅಪ್ಪುಗೆ, ಅದೇ ಫೋಟೊ. ರಾಜಕುಮಾರಿಯರಿಗೆ ಬೇರೆ ಸಾಲು, ಗೂಫಿಗೆ ಬೇರೆ ಸಾಲು. ರಜೆಯ ದಿನ ಒಂದೊಂದಕ್ಕೂ ಮುಕ್ಕಾಲು ಗಂಟೆ ಹಿಡಿದರೆ, ಐದು ಮುಖ ನೋಡಲು ಅರ್ಧ ದಿನವೇ ಹೋಯಿತು. ಅದೂ ಫ್ಲಾರಿಡಾದ ಜುಲೈ ತಿಂಗಳ ಸೆಕೆಯಲ್ಲಿ, ಮಂಡಿ ನೋವಿನ ಅಜ್ಜಿಯನ್ನು ನಿಲ್ಲಿಸಿಕೊಂಡು. ಊಟದಲ್ಲಿ ಆ ಐವರು ಒಬ್ಬೊಬ್ಬರು ಎರಡೆರಡು ನಿಮಿಷದಂತೆ ಮೇಜಿಗೇ ಬರುತ್ತಾರೆ. ಆಕೆ ಎ.ಸಿ. ಕೆಳಗೆ ಕಾಲು ಚಾಚಿ ಕೂತಿರುತ್ತಾರೆ. ಒರ್ಲ್ಯಾಂಡೊದ ಆ ಊಟದಲ್ಲಿ ಮಾರಾಟವಾಗುವ ನಿಜವಾದ ಸರಕು ಕುರ್ಚಿ. ಅದನ್ನು ಹಾಗೆಂದೇ ಬೋರ್ಡು ಹಾಕಿ ಮಾರಿದ್ದರೆ ಅಜ್ಜ ಅಷ್ಟೊಂದು ಗುಣಾಕಾರ ಮಾಡುತ್ತಿರಲಿಲ್ಲ.

ಆದ್ದರಿಂದ ಸಂಸಾರಸ್ಥರು ತಮ್ಮತಮ್ಮಲ್ಲಿ ಮಾಡಿಕೊಂಡಿರುವ ಹಂಚಿಕೆ ಹೀಗಿದೆ, ತಾವು ಬೇಸರಿಸಬಾರದು. ಕೋಟೆಯ ಊಟ ಬೇಡ. ಹೋಟೆಲಿನಲ್ಲಿರುವ ಪಂಕ್ತಿಗೆ ಪಾರ್ಕಿನ ಟಿಕೆಟ್ಟು ಬೇಕಿಲ್ಲವಾದ್ದರಿಂದ, ಪಾರ್ಕಿಗೆ ಹೋಗದ ದಿನವೇ ಅಲ್ಲಿಗೆ ಹೋಗುವುದು. ರಾತ್ರಿಗಿಂತ ಬೆಳಗಿನ ತಿಂಡಿಗೆ ದರ ಕಮ್ಮಿ; ಆದಷ್ಟು ತಡವಾದ ಹೊತ್ತು ಹಿಡಿದರೆ ಮಧ್ಯಾಹ್ನದ ಊಟವೂ ಅದರಲ್ಲೇ ಮುಗಿದಂತೆ. ಒಂದು ಯಾತ್ರೆಗೆ ಒಂದೇ ಸಲ. ಪಾರ್ಕಿನ ದಿನಗಳಲ್ಲಿ ಅಜ್ಜಿಯ ಚಪಾತಿ, ಚಿತ್ರಾನ್ನದ ಡಬ್ಬಿ. ಗಾಜಿನ ಪಾತ್ರೆ ಮತ್ತು ಮದ್ಯ ಬಿಟ್ಟು ಮನೆಯ ತಿಂಡಿ ಒಳಗೆ ತರಲು ತಾವು ಬಿಡುತ್ತೀರಿ, ಅದಕ್ಕೊಂದು ಧನ್ಯವಾದ. ಇನ್ನು ಹತ್ತು ವರ್ಷದ ‘ವಯಸ್ಕ’ನಿಗೆ ಅನಿಮಲ್ ಕಿಂಗ್‌ಡಂ ಲಾಡ್ಜ್‌ನ ‘ಸನಾ’ ಎಂಬ ರೆಸ್ಟೋರೆಂಟ್ ಇದೆ. ನಾನ್, ಹುಣಸೆ ಚಟ್ನಿ, ರಾಯತ. ಕಿಟಕಿಯಾಚೆ ಹುಲ್ಲುಗಾವಲಿನಲ್ಲಿ ಜಿರಾಫೆಗಳು. ಅವುಗಳೊಳಗೆ ಯಾರೂ ಇಲ್ಲ. ಮೇಜಿಗೆ ಬಂದು ಫೋಟೊಕ್ಕೆ ಪೀಡಿಸುವುದೂ ಇಲ್ಲ.

ಇನ್ನೊಂದು ಕಾನೂನಿನ ಸಂಗತಿ ತಮ್ಮ ಗಮನಕ್ಕೆ. 2024ರ ಜನವರಿ 1ಕ್ಕೆ ‘ಸ್ಟೀಮ್‌ಬೋಟ್ ವಿಲ್ಲಿ’ಯ ಹಕ್ಕುಸ್ವಾಮ್ಯ ಅಮೆರಿಕದಲ್ಲಿ ತೀರಿತು. 1928ರ ಆ ಕಪ್ಪುಬಿಳುಪು ಮಿಕ್ಕಿ ಈಗ ಊರವರೆಲ್ಲರ ಸ್ವತ್ತು. ಬಿಳಿ ಕೈಗವಸು ತಮಗೆ ಬಂದಿದ್ದು 1929ರಲ್ಲಿ. ಹಾಗಾಗಿ 2024ರ ಮಟ್ಟಿಗಾದರೂ ಬರಿಗೈಯ ಮಿಕ್ಕಿ ಪುಕ್ಕಟೆ, ಕೈಗವಸು ತೊಟ್ಟ ಮಿಕ್ಕಿಗೆ 65 ಡಾಲರ್ ಮತ್ತು ತೆರಿಗೆ ಎಂದಾಗಿತ್ತು.

ಕೊನೆಯದಾಗಿ ಬೇಡಿಕೆ. ದರಪಟ್ಟಿಯಲ್ಲಿ ವಯಸ್ಸಿನ ಗೆರೆಯನ್ನು ಒಂದೇ ಕಡೆ ಎಳೆದಿದ್ದೀರಿ, ಇನ್ನೊಂದು ತುದಿಯಲ್ಲೂ ಒಂದು ಎಳೆಯಬೇಕು. 70 ದಾಟಿದವರಿಗೆ ಮಕ್ಕಳ ದರ ಹಾಕಿ. ಅವರು ತಿನ್ನುವುದು ಮೊಮ್ಮಗಳಷ್ಟೇ, ಉಪ್ಪು ಖಾರದ ಪಥ್ಯ ಬೇರೆ. ಗೂಫಿ ಎರಡನೆಯ ಸುತ್ತಿಗೆ ಬಂದಾಗ ಮೊಮ್ಮಗಳಿಗಿಂತ ಮೊದಲು ಕೈ ಬೀಸಿದವರೂ ಅಜ್ಜಿಯೇ ಎಂಬುದನ್ನು ತಮ್ಮ ಸಿಬ್ಬಂದಿ ದೃಢೀಕರಿಸಬಹುದು.

ಉತ್ತರದ ನಿರೀಕ್ಷೆಯಲ್ಲಿ,

ಇಂತಿ,
ಐದು ದೊಡ್ಡವರು, ಒಂದು ಮಗುವಿನ ಬಿಲ್ಲು ಕಟ್ಟಿದವರ ಪರವಾಗಿ

ವಿ.ಸೂ.: ಅಜ್ಜ ಜೇಬಿಗಿಟ್ಟುಕೊಂಡ ಕರವಸ್ತ್ರ ಕಾಗದದ್ದು. ಬಟ್ಟೆಯದೆಂದು ತಿಳಿದು ಅದನ್ನೂ ಬಿಲ್ಲಿಗೆ ಸೇರಿಸಬಾರದು.