ಅನ್ನು-ನಿತ್ಯತ್ವ ನಿಯಮ: ದ್ವಿತೀಯಾ ವಿಭಕ್ತಿಯ ಜಮಾ-ಖರ್ಚು

13ನೇ ಶತಮಾನದಲ್ಲಿ ಕೇಶಿರಾಜ 'ಶಬ್ದಮಣಿದರ್ಪಣ' ಬರೆಯುವಾಗ ದ್ವಿತೀಯಾ ವಿಭಕ್ತಿಗೆ 'ಅಂ' ಸಾಕಾಗಿತ್ತು. 'ಮರನಂ ಕಡಿದಂ' ಎಂದರೆ ಮರ ಬೀಳುತ್ತಿತ್ತು. ಈಗ 'ಮರವನ್ನು' ಎನ್ನಬೇಕು. ಪ್ರತ್ಯಯ ಬೆಳೆಯಿತು, ಬೀಳುವುದು ಅದೇ ಮರ. ಈ ಹೆಚ್ಚುವರಿ ಅಕ್ಷರಗಳು ಎಲ್ಲಿ ಉಳಿಯುತ್ತವೆ, ಎಲ್ಲಿ ಖರ್ಚಾಗುತ್ತವೆ ಎಂಬುದೇ ಪ್ರಸ್ತುತ ಪ್ರಬಂಧದ ಜಿಜ್ಞಾಸೆ.

ಉಳಿತಾಯದ ಕೇಂದ್ರ ದರ್ಶಿನಿ ಹೋಟೆಲು. "ಎರಡು ಇಡ್ಲಿ, ಒಂದು ವಡೆ, ಸಾಂಬಾರ್ ಬೇರೆ ಕೊಡಿ" ಅನ್ನುತ್ತೇವೆ. "ಎರಡು ಇಡ್ಲಿಗಳನ್ನು ಕೊಡಿ" ಎಂದವನನ್ನು ಕೌಂಟರಿನವನು ಒಮ್ಮೆ ಅಡಿಯಿಂದ ಮುಡಿಯವರೆಗೆ ನೋಡುತ್ತಾನೆ. ಜೀವವಿಲ್ಲದ ವಸ್ತುಗಳಿಗೆ ಆಡುಮಾತು ಪ್ರತ್ಯಯ ಹಚ್ಚುವುದು ಅಪರೂಪ. ಮನುಷ್ಯರಿಗೆ ಬೇಕೇ ಬೇಕು. "ಕಾಫಿ ಕುಡಿದೆ" ಸರಿ, "ಭಾವ ನೋಡಿದೆ" ತಪ್ಪು, "ಭಾವನ್ನ ನೋಡಿದೆ" ಅನ್ನಬೇಕು. ಭಾವ ಕಾಫಿಗಿಂತ ಮೇಲು ಎಂಬುದಕ್ಕೆ ವ್ಯಾಕರಣದಲ್ಲಿ ಸಿಗುವ ಏಕೈಕ ಪುರಾವೆ ಇದು.

ಹೀಗೆ ಊರೆಲ್ಲ ಬೆಳಿಗ್ಗೆ ಉಳಿಸಿದ ಅನ್ನುಗಳು ಸಂಜೆ ಸುದ್ದಿವಾಹಿನಿಗೆ ಜಮೆಯಾಗುತ್ತವೆ. "ಸಚಿವರು ಬಂದು ನೋಡಿದರು" ಎಂಬುದು ಅಲ್ಲಿ "ಸಚಿವರು ಸ್ಥಳಕ್ಕೆ ಭೇಟಿಯನ್ನು ಕೊಟ್ಟು ಪರಿಶೀಲನೆಯನ್ನು ನಡೆಸುವಂಥ ಕೆಲಸವನ್ನು ಮಾಡಿದ್ದಾರೆ" ಆಗುತ್ತದೆ. ನಾಡಿನಲ್ಲಿ ಅನ್ನು ಹುಟ್ಟುವುದೂ ಇಲ್ಲ, ಸಾಯುವುದೂ ಇಲ್ಲ. ಇಡ್ಲಿಯಿಂದ ಸಚಿವರಿಗೆ ವರ್ಗವಾಗುತ್ತದೆ ಅಷ್ಟೆ.

ಇಲ್ಲೊಂದು ಆಕ್ಷೇಪ. "ಮೇಷ್ಟ್ರು ಹುಡುಗನಿಗೆ ಹೊಡೆದರು" ಎನ್ನುತ್ತೇವಲ್ಲ, ಹುಡುಗ ಮನುಷ್ಯನಲ್ಲವೇ? ಪಂಡಿತರು ಇದನ್ನು ವಿಭಕ್ತಿ ಪಲ್ಲಟವೆಂದು ಕೈತೊಳೆದುಕೊಂಡಾರು. ನಮ್ಮ ನಿಲುವು ಬೇರೆ. ಚತುರ್ಥಿ ಇರುವುದು ಸಂಪ್ರದಾನಕ್ಕೆ, ಅಂದರೆ ಕೊಟ್ಟದ್ದನ್ನು ಪಡೆಯುವವನಿಗೆ. "ಅವನಿಗೆ ಬೈದೆ" ಎಂಬಲ್ಲೂ ಅದೇ. ಏಟನ್ನೂ ಬೈಗುಳವನ್ನೂ ಕನ್ನಡಿಗರು ದಾನದ ಬಾಬ್ತಿಗೆ ಬರೆದಿದ್ದಾರೆ. ಹುಡುಗ ರಸೀದಿ ಕೇಳಿಲ್ಲ.

ಇನ್ನು ಸರ್ಕಾರಿ ಕಡತ. ಶಾಲೆಯ ಕರ್ಮಣಿ ಪ್ರಯೋಗದಲ್ಲಿ ಕರ್ಮಪದಕ್ಕೆ ಪ್ರಥಮಾ ವಿಭಕ್ತಿಗೆ ಬಡ್ತಿ; ಕರ್ತೃ 'ಇಂದ' ಹಚ್ಚಿಕೊಂಡು ತೃತೀಯೆಗೆ ಇಳಿಯುತ್ತಾನೆ: ರಾಮನಿಂದ ರಾವಣನು ಕೊಲ್ಲಲ್ಪಟ್ಟನು. ಕೊಂದವರು ಯಾರೆಂದಾದರೂ ಗೊತ್ತಾಗುತ್ತದೆ. ಕಚೇರಿ ಕನ್ನಡ ಇದಕ್ಕೊಂದು ತಿದ್ದುಪಡಿ ತಂದಿತು: "ರಸ್ತೆಯನ್ನು ಅಗೆಯಲಾಗಿದೆ." ಕರ್ಮ ಬಡ್ತಿಯಿಲ್ಲದೆ, ಅನ್ನು ಹೊತ್ತುಕೊಂಡೇ ನಿಂತಿದೆ, ಕರ್ತೃ ವಾಕ್ಯದಿಂದಲೇ ನಾಪತ್ತೆ. ಗುಂಡಿಗೆ ಬಿದ್ದ ಸ್ಕೂಟರ್ ಸವಾರ ಅವನನ್ನು ಹುಡುಕಿಕೊಡಿ ಎಂದು ಅರ್ಜಿ ಹಾಕಿದರೆ ಉತ್ತರ ಬರುತ್ತದೆ: "ಅರ್ಜಿಯನ್ನು ಸ್ವೀಕರಿಸಲಾಗಿದೆ. ಮುಂದಿನ ಕ್ರಮಕ್ಕಾಗಿ ಸಂಬಂಧಪಟ್ಟವರಿಗೆ ರವಾನಿಸಲಾಗಿದೆ." ಸಂಬಂಧಪಟ್ಟವರು ಪ್ರಥಮಾ ವಿಭಕ್ತಿಯಲ್ಲಿ ಇದುವರೆಗೆ ಯಾವ ಕಡತದಲ್ಲೂ ಕಾಣಿಸಿಕೊಂಡಿಲ್ಲ.