ಶ್ರೀಮಾನ್ ಸ್ಮಾರ್ಟ್ ಹಾಸಿಗೆಯವರ ಸನ್ನಿಧಾನಕ್ಕೆ

ಮಾನ್ಯ ಹಾಸಿಗೆಯವರೇ,

ಸಾಷ್ಟಾಂಗ ನಮಸ್ಕಾರಗಳು. (ಹಾಸಿಗೆಗೆ ಬೇರೆ ಯಾವ ಭಂಗಿಯಲ್ಲಿ ನಮಸ್ಕರಿಸುವುದೋ ಕಾಣೆ.) ಇತ್ತ ನಾವೆಲ್ಲ ಕ್ಷೇಮ. ತಮ್ಮ ಕ್ಷೇಮಕ್ಕೆ ಆಗಾಗ ಪತ್ರ ಬರೆಯುತ್ತಿರಿ ಎಂದು ಕೇಳುವ ಅಗತ್ಯ ಕಾಣುತ್ತಿಲ್ಲ. ತಮ್ಮ ಸಮಾಚಾರ, ತಮ್ಮ ಮೇಲೆ ಮಲಗಿದವರ ಎದೆಬಡಿತ, ಉಸಿರು, ಗೊರಕೆ, ಮಗ್ಗುಲು ಬದಲಿಸಿದ ಲೆಕ್ಕ ಎಲ್ಲವೂ ರಾತ್ರಿಯಿಡೀ ಕಂಪನಿಯ ಸರ್ವರಿಗೆ ತಲುಪುತ್ತಲೇ ಇರುತ್ತದಂತೆ. ಹಳ್ಳಿಯಿಂದ ಹಾಸ್ಟೆಲಿಗೆ ಹೋದ ನಮ್ಮ ಮಕ್ಕಳು ಈ ಶ್ರದ್ಧೆಯ ನೂರರಲ್ಲೊಂದು ಪಾಲು ತೋರಿಸಿದ್ದರೂ ಸಾಕಿತ್ತು.

ಮೊದಲಿಗೇ ಹೇಳಿಬಿಡುತ್ತೇನೆ, ನಾನು ತಮ್ಮ ಗಿರಾಕಿಯಲ್ಲ. ಆಗುವ ತಾಕತ್ತೂ ಇಲ್ಲ. ಅಮೆರಿಕದ ಏಯ್ಟ್ ಸ್ಲೀಪ್ ಕಂಪನಿಯಿಂದ ತಮ್ಮನ್ನು ಮನೆ ತುಂಬಿಸಿಕೊಳ್ಳಲು ಎರಡು ಸಾವಿರ ಡಾಲರಿಗಿಂತ ಹೆಚ್ಚು ಬೇಕು. ಅಷ್ಟು ಸುರಿದರೂ ಬರುವುದು ಹಾಸಿಗೆಯ ಮೇಲೆ ಹೊದಿಸುವ ಒಂದು ಕವಚ, ಅದರೊಳಗೆ ನೀರು ಹರಿಯುವ ಸಣ್ಣ ಕೊಳವೆಗಳು, ಪಕ್ಕದಲ್ಲಿ ಆ ನೀರನ್ನು ಬಿಸಿಯೋ ತಂಪೋ ಮಾಡುವ ಒಂದು ಪೆಟ್ಟಿಗೆ. ಕೆಳಗೆ ಹಾಸುವ ಹಾಸಿಗೆ ಬೇರೆ ಇರಬೇಕು. ಇನ್ನಷ್ಟು ದುಡ್ಡು ಕೊಟ್ಟರೆ ಗೊರಕೆ ಕೇಳಿಸಿದೊಡನೆ ತಲೆಭಾಗವನ್ನು ಮೆಲ್ಲಗೆ ಎತ್ತುವ ಮಂಚವೂ ಸಿಗುತ್ತದೆ. ನಮ್ಮಲ್ಲಿ ಈ ಸೇವೆಯನ್ನು ಹೆಂಡತಿಯ ಮೊಣಕೈ ಉಚಿತವಾಗಿ ಮಾಡುತ್ತಿದೆ. ಇದೆಲ್ಲ ಆದಮೇಲೆ ಚಂದಾ. ನಿದ್ದೆಯ ಹದ ನೋಡಿ ತಂಪು-ಬಿಸಿ ತಾನೇ ಹೊಂದಿಸಿಕೊಳ್ಳುವ ಜಾಣತನಕ್ಕೆ ವರ್ಷವರ್ಷವೂ ಚಂದಾ ಕಟ್ಟಬೇಕು. ನಾವು ವಾರಪತ್ರಿಕೆಗೆ ಚಂದಾ ಕೊಟ್ಟವರು, ಬೀದಿ ಗಣಪತಿಗೆ ಚಂದಾ ಕೊಟ್ಟವರು. ಮಲಗುವುದಕ್ಕೆ ಕೊಟ್ಟು ಅಭ್ಯಾಸವಿಲ್ಲ.

ಒಂದು ಗುಣವನ್ನು ಮಾತ್ರ ಒಪ್ಪಲೇಬೇಕು. ತಮ್ಮ ಎಡಭಾಗಕ್ಕೊಂದು, ಬಲಭಾಗಕ್ಕೊಂದು ತಾಪಮಾನ ಇಟ್ಟುಕೊಳ್ಳಬಹುದು. ಫ್ಯಾನಿನ ರೆಗ್ಯುಲೇಟರಿನ ಮೂರಕ್ಕೂ ಐದಕ್ಕೂ ನಡುವೆ ದಶಕಗಳಿಂದ ಯುದ್ಧ ನಡೆಯುತ್ತಿರುವ ಮನೆಗಳನ್ನು ಬಲ್ಲವನಾಗಿ ಹೇಳುತ್ತೇನೆ, ಇದು ಸಣ್ಣ ಸಾಧನೆಯಲ್ಲ. ಈ ಕಾಗದ ಬರೆಯಲು ಕೂತದ್ದು ತಮ್ಮ ಗುಣಗಾನಕ್ಕಲ್ಲ, ತಮ್ಮ ತಲೆ ಎಲ್ಲಿದೆ ಎಂದು ಕೇಳುವುದಕ್ಕೆ.

2025ರ ಅಕ್ಟೋಬರ್ 20 ತಮಗೆ ನೆನಪಿರಲೇಬೇಕು. ನಮ್ಮಲ್ಲಿ ಅಂದು ನರಕ ಚತುರ್ದಶಿ. ನಸುಕಿನಲ್ಲಿ ಎಣ್ಣೆನೀರು ಹಾಕಿಕೊಂಡು, ಮಧ್ಯಾಹ್ನ ಹನ್ನೆರಡೂಕಾಲಿನ ಹೊತ್ತಿಗೆ ಎಲೆಯ ಮುಂದೆ ಕೂತಿದ್ದೆವು. ಅಮೆರಿಕದ ಪೂರ್ವ ತೀರದಲ್ಲಿ ಆಗ ಸರಿರಾತ್ರಿ ಎರಡೂಮುಕ್ಕಾಲು. ನಮ್ಮ ಮಹಡಿ ಮನೆಯಲ್ಲಿ ಬಾಡಿಗೆಗಿರುವ ಹುಡುಗನನ್ನು ಹಬ್ಬದೂಟಕ್ಕೆ ಕರೆದಿದ್ದೆವು. ಅವನದು ಆನ್-ಕಾಲ್ ಪಾಳಿಯ ಸಾಫ್ಟ್‌ವೇರ್ ಕೆಲಸ. ಬಾಳೆಲೆಯ ತುದಿಗೆ ಉಪ್ಪಿನಕಾಯಿ, ಅದರ ಪಕ್ಕಕ್ಕೆ ಲ್ಯಾಪ್‌ಟಾಪ್. ಎರಡನೇ ಹೋಳಿಗೆಗೆ ತುಪ್ಪ ಬೀಳುವ ಹೊತ್ತಿಗೆ ಅವನ ಫೋನು ಬಡಿದುಕೊಳ್ಳತೊಡಗಿತು. ಎಡಗೈಯಲ್ಲೇ ಕೀಲಿಗಳನ್ನು ಒತ್ತುತ್ತ ಹೇಳಿದ: "ಅಂಕಲ್, ವರ್ಜೀನಿಯಾ ಹೋಯ್ತು."

ಒಂದಿಡೀ ರಾಜ್ಯ ಎಲ್ಲಿಗೆ ಹೋಗಲು ಸಾಧ್ಯ ಎಂದು ನಮ್ಮ ಮನೆಯವರು ಗಾಬರಿಯಾದರು. ಹೋದದ್ದು ರಾಜ್ಯವಲ್ಲ. ವರ್ಜೀನಿಯಾದ ಉತ್ತರ ಭಾಗದಲ್ಲಿ ಅಮೆಜಾನ್ ಕಂಪನಿಯ ದತ್ತಾಂಶ ಕೇಂದ್ರಗಳ ಒಂದು ದೊಡ್ಡ ಸಮೂಹವಿದೆ, ಹೆಸರು ಯುಎಸ್-ಈಸ್ಟ್-1. ಜಗತ್ತಿನ ಸಾವಿರಾರು ಕಂಪನಿಗಳು ತಮ್ಮ ಬುದ್ಧಿಯನ್ನು ಅಲ್ಲಿ ಬಾಡಿಗೆಗೆ ಇಟ್ಟಿವೆ. "ಏನಾಗಿರಬಹುದಪ್ಪ?" ಎಂದೆ. "ಇನ್ನೇನು ಅಂಕಲ್, ಡಿಎನ್‌ಎಸ್ಸೇ ಇರುತ್ತೆ" ಎಂದ. ಅವನ ವೃತ್ತಿಯವರು ಏನು ಕೆಟ್ಟರೂ ಮೊದಲು ಹೇಳುವ ಮಾತು ಇದೇ ಅಂತೆ. ಹೆಸರು ಕೊಟ್ಟರೆ ಆ ಯಂತ್ರ ಇರುವ ವಿಳಾಸದ ಅಂಕಿಗಳನ್ನು ಹುಡುಕಿಕೊಡುವ ವ್ಯವಸ್ಥೆಗೆ ಡಿಎನ್‌ಎಸ್ ಎಂದು ಹೆಸರು.

ಅದೇ ಆಗಿತ್ತು. ಡೈನಮೋಡಿಬಿ ಎಂಬ ದತ್ತಾಂಶ ಕಣಜದ ವಿಳಾಸಗಳನ್ನು ಹೊಸದಾಗಿ ಬರೆದಿಡುವ ಕೆಲಸವನ್ನು ಅಮೆಜಾನ್ ಮನುಷ್ಯರಿಗೆ ಬಿಡದೆ ಪ್ರೋಗ್ರಾಮುಗಳಿಗೆ ಒಪ್ಪಿಸಿತ್ತು. ಅವುಗಳಲ್ಲಿ ಒಂದು ಯಾಕೋ ನಿಧಾನವಾಯಿತು. ಅಷ್ಟರಲ್ಲಿ ಇನ್ನೊಂದು ಹೊಸ ಪಟ್ಟಿಯನ್ನು ಹಾಕಿ ಮುಗಿಸಿತು. ಆಮೇಲೆ ಎಚ್ಚೆತ್ತ ನಿಧಾನದ ಪ್ರೋಗ್ರಾಮು ತನ್ನ ಕೈಲಿದ್ದ ಹಳೆಯ ಪಟ್ಟಿಯನ್ನು ತಂದು ಹೊಸದರ ಮೇಲೆ ಬರೆಯಿತು. ಹಳೆಯದನ್ನು ಅಳಿಸುವುದೂ ತನ್ನ ಕರ್ತವ್ಯವೆಂದು ತಿಳಿದಿದ್ದ ಎರಡನೆಯದು "ಇದು ಹಳತು" ಎಂದು ಅದನ್ನೂ ಅಳಿಸಿಹಾಕಿತು. ಉಳಿದದ್ದು ಖಾಲಿ ಜಾಗ. ಇಬ್ಬರೂ ನಿಯಮದಂತೆಯೇ ನಡೆದುಕೊಂಡಿದ್ದರು, ಯಾರ ಮೇಲೂ ಮೆಮೊ ಕೊಡುವಂತಿಲ್ಲ. ಕೊನೆಗೆ ಮನುಷ್ಯರೇ ಕೈಹಾಕಿ ಸರಿಮಾಡಬೇಕಾಯಿತು. ಎಲ್ಲವೂ ಪೂರ್ತಿ ನೆಟ್ಟಗಾಗುವಷ್ಟರಲ್ಲಿ ಹದಿನಾಲ್ಕು ಗಂಟೆಯ ಮೇಲಾಗಿತ್ತು.

ಸ್ನ್ಯಾಪ್‌ಚಾಟ್ ಹೋಯಿತು, ಸಿಗ್ನಲ್ ಆ್ಯಪ್ ಹೋಯಿತು, ಫೋರ್ಟ್‌ನೈಟ್ ಆಟ ನಿಂತಿತು. ಇವುಗಳ ಬಗ್ಗೆ ನನಗೆ ದುಃಖವಿಲ್ಲ. ಅವು ಅಂತರ್ಜಾಲದಲ್ಲೇ ಹುಟ್ಟಿದವು, ಅದು ಹೋದರೆ ಹೋಗಲೇಬೇಕು. ತಾವು ಯಾಕೆ ಹೋದಿರಿ ಎಂಬುದು ನನ್ನ ಪ್ರಶ್ನೆ. ನಡುರಾತ್ರಿಯಲ್ಲಿ ಅಮೆರಿಕದ ಮನೆಗಳಲ್ಲಿ ಕೆಲವು ಹಾಸಿಗೆಗಳು ಕಾಯುತ್ತಲೇ ಹೋದವಂತೆ, ತಣ್ಣಗಾಗು ಎಂದರೆ ಕೇಳಲಿಲ್ಲವಂತೆ. ಕೆಲವು ತಲೆಭಾಗ ಎತ್ತಿದವು ಎತ್ತಿದಂತೆಯೇ ನಿಂತವು. ಮಲಗಲು ದುಡ್ಡು ಕೊಟ್ಟವರು ಆರಾಮ ಕುರ್ಚಿಯ ಭಂಗಿಯಲ್ಲಿ ಬೆವರುತ್ತ ಬೆಳಗು ಮಾಡಿದರು. ಹಾಸಿಗೆ ಇದ್ದಷ್ಟು ಕಾಲು ಚಾಚಬೇಕೆಂದು ನಮ್ಮ ಹಿರಿಯರು ಹೇಳಿದ್ದು ಸರಿಯೇ. ನೆಟ್‌ವರ್ಕ್ ಇದ್ದಷ್ಟೇ ಹಾಸಿಗೆ ಇರುವ ಕಾಲ ಬರುತ್ತದೆಂದು ಅವರು ಊಹಿಸಿರಲಿಲ್ಲ.

ತಮ್ಮ ಕಂಪನಿಯ ಮುಖ್ಯಸ್ಥರಾದ ಮಾಟ್ಟೆಯೊ ಫ್ರಾಂಚೆಸ್ಕೆಟ್ಟಿಯವರು ಮರ್ಯಾದೆಯಾಗಿ ಕ್ಷಮೆ ಕೇಳಿದರು. ಅಷ್ಟೇ ಅಲ್ಲ, ತಡಮಾಡದೆ ಹೊಸ ಸಾಫ್ಟ್‌ವೇರನ್ನೂ ಕಳಿಸಿದರು: ಇನ್ನು ಮೇಲೆ ಸರ್ವರು ಕೈಕೊಟ್ಟರೆ ಫೋನು ಬ್ಲೂಟೂತ್ ಮೂಲಕ ಹಾಸಿಗೆಯ ಜೊತೆ ನೇರವಾಗಿ ಮಾತಾಡಬಹುದು. ಬಿಡಿಸಿ ಹೇಳುವುದಾದರೆ, ತನ್ನ ಮೇಲೆಯೇ ಮಲಗಿರುವ ಯಜಮಾನನ ಮಾತನ್ನು ಕೇಳಲು ಹಾಸಿಗೆಗೆ ಕಲಿಸಿದರು. ಇದನ್ನು ಹೊಸ ಸೌಲಭ್ಯವೆಂದು ಪ್ರಕಟಿಸಿದಾಗ ಯಾರೂ ನಗದೇ ಇದ್ದದ್ದು ನನಗೆ ಹೆಚ್ಚು ನಗು ತಂದಿತು.

ಇಷ್ಟರಲ್ಲಿ ತಮ್ಮ ಇನ್ನೊಂದು ಅಭ್ಯಾಸದ ಬಗ್ಗೆಯೂ ಮಾತಾಡಿಬಿಡೋಣ, ಚಾಡಿಯ ಬಗ್ಗೆ. 2023ರ ನವೆಂಬರ್‌ನಲ್ಲಿ ಸ್ಯಾನ್ ಫ್ರಾನ್ಸಿಸ್ಕೊದ ಓಪನ್‌ಎಐ ಕಂಪನಿಯ ಆಡಳಿತ ಮಂಡಳಿ ತನ್ನ ಮುಖ್ಯಸ್ಥ ಸ್ಯಾಮ್ ಆಲ್ಟ್‌ಮನ್ ಅವರನ್ನು ಏಕಾಏಕಿ ಕೆಲಸದಿಂದ ತೆಗೆಯಿತು. ಕೆಲವೇ ದಿನಗಳಲ್ಲಿ ಅವರು ವಾಪಸು ಬಂದರು. ಆ ಗದ್ದಲದ ನಡುವೆ ಇದೇ ಫ್ರಾಂಚೆಸ್ಕೆಟ್ಟಿಯವರು ಒಂದು ಸುದ್ದಿ ಬಿಟ್ಟರು: ನಮ್ಮ ಹಾಸಿಗೆಗಳ ಲೆಕ್ಕ ನೋಡಿದೆವು, ನಿನ್ನೆ ರಾತ್ರಿ ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ಐದು ಗಂಟೆಗಿಂತ ಕಡಿಮೆ ಮಲಗಿದವರ ಪ್ರಮಾಣ ಶೇಕಡಾ 27ರಷ್ಟು ಏರಿದೆ ಎಂದು. ಊರಲ್ಲಿ ಯಾರ ಮನೆಯ ದೀಪ ಎಷ್ಟು ಹೊತ್ತಿಗೆ ಆರಿತು ಎಂದು ಲೆಕ್ಕ ಇಡುವ ಜನ ನಮ್ಮಲ್ಲೂ ಇದ್ದಾರೆ. ಆದರೆ ಅವರು ಕಟ್ಟೆಯ ಮೇಲೆ ಕೂತು ನೋಡುತ್ತಾರೆ, ಹಾಸಿಗೆಯೊಳಗೆ ಕೂತಲ್ಲ. ವರ್ಷವರ್ಷವೂ ದುಡ್ಡನ್ನೂ ಕೇಳುವುದಿಲ್ಲ.

2025ರ ಆರಂಭದಲ್ಲಿ ಒಬ್ಬ ಭದ್ರತಾ ಸಂಶೋಧಕರು ತಮ್ಮ ಸಾಫ್ಟ್‌ವೇರಿನ ಹೊಟ್ಟೆ ಬಗೆದು ನೋಡಿದರು. ಕಂಪನಿಯ ಎಂಜಿನಿಯರುಗಳು ದೂರದಿಂದಲೇ ಹಾಸಿಗೆಯೊಳಕ್ಕೆ ಲಾಗಿನ್ ಆಗಲು ಹಿಂಬಾಗಿಲು ಇದೆ ಎಂದು ಬರೆದರು. ಆಮೇಲೆ ಅವರು ಮಾಡಿದ್ದು ನನಗೆ ಬಹಳ ಹಿಡಿಸಿತು. ಬಿಸಿ-ತಂಪಿನ ಆ ಜಾಣ ಪೆಟ್ಟಿಗೆಯನ್ನು ಕಿತ್ತಿಟ್ಟು, ಅದರ ಜಾಗಕ್ಕೆ ಮೀನಿನ ತೊಟ್ಟಿಯ ನೀರು ತಣ್ಣಗಿಡುವ ಸಾಧಾರಣ ಯಂತ್ರವನ್ನು ಜೋಡಿಸಿದರು. ತಮ್ಮ ಕೊಳವೆಗಳಲ್ಲಿ ನೀರು ತಣ್ಣಗೆ ಹರಿಯಿತು. ಮೀನಿನ ಯಂತ್ರಕ್ಕೆ ಚಂದಾ ಇಲ್ಲ, ಪಾಸ್‌ವರ್ಡ್ ಇಲ್ಲ, ಸ್ಯಾನ್ ಫ್ರಾನ್ಸಿಸ್ಕೊದ ರಾಜಕೀಯದಲ್ಲಿ ಆಸಕ್ತಿಯೂ ಇಲ್ಲ.

ತಮ್ಮ ಕುಲಗೋತ್ರ ವಿಚಾರಿಸಿದಾಗ ಇನ್ನೊಂದು ಸಂಗತಿ ಗೊತ್ತಾಯಿತು. ತಮ್ಮ ಪೂರ್ವಿಕರೆಲ್ಲ ತಮಾಷೆಗೆ ಹುಟ್ಟಿದವರು. 1980ರ ದಶಕದ ಮೊದಲ ವರ್ಷಗಳಲ್ಲಿ ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದ ಕಂಪ್ಯೂಟರ್ ವಿದ್ಯಾರ್ಥಿಗಳು ಕೋಕ್ ಮಾರುವ ಯಂತ್ರಕ್ಕೆ ತಂತಿ ಎಳೆದರು; ಬಾಟಲಿ ಇದೆಯೇ, ತಣ್ಣಗಾಗಿದೆಯೇ ಎಂದು ಕೂತಲ್ಲೇ ತಿಳಿಯಲಿ ಎಂದು. 1990ರಲ್ಲಿ ಜಾನ್ ರೋಮ್ಕಿ ಎಂಬವರು ಇಂಟರಾಪ್ ಪ್ರದರ್ಶನದಲ್ಲಿ ಅಂತರ್ಜಾಲದ ಮೂಲಕ ಹತ್ತುವ, ಆರುವ ಟೋಸ್ಟರ್ ತೋರಿಸಿದರು. ಬ್ರೆಡ್ಡನ್ನು ಮಾತ್ರ ಕೈಯಾರೆ ಇಡಬೇಕಿತ್ತು. 1991ರಲ್ಲಿ ಕೇಂಬ್ರಿಜ್‌ನ ಕಂಪ್ಯೂಟರ್ ಪ್ರಯೋಗಾಲಯದವರು ಕಾಫಿ ಪಾತ್ರೆಯ ಎದುರು ಕ್ಯಾಮೆರಾ ನಿಲ್ಲಿಸಿದರು. ಮೆಟ್ಟಿಲಿಳಿದು ಬಂದು ಖಾಲಿ ಪಾತ್ರೆ ನೋಡುವ ಸಂಕಟ ಏನೆಂದು ಡಿಕಾಕ್ಷನ್ ಮುಗಿದ ಮನೆಯಲ್ಲಿ ಎದ್ದವರಿಗೆ ಗೊತ್ತು. ಆ ಕ್ಯಾಮೆರಾ 2001ರವರೆಗೆ ನಡೆಯಿತು, ಪಾತ್ರೆ ಹರಾಜಿನಲ್ಲಿ 3,350 ಪೌಂಡಿಗೆ ಹೋಯಿತು.

ಎಲ್ಲಕ್ಕಿಂತ ಮಿಗಿಲಾದದ್ದು 1998ರ ಏಪ್ರಿಲ್ 1ರಂದು ಲ್ಯಾರಿ ಮ್ಯಾಸಿಂಟರ್ ಪ್ರಕಟಿಸಿದ ಆರ್‌ಎಫ್‌ಸಿ 2324. ಅಂತರ್ಜಾಲದ ಗಂಭೀರ ನಿಯಮಾವಳಿಗಳ ಶೈಲಿಯಲ್ಲೇ ಬರೆದ, ಕಾಫಿ ಪಾತ್ರೆಗಳನ್ನು ದೂರದಿಂದ ಆಳುವ ಶಿಷ್ಟಾಚಾರ ಅದು. ಚಹಾ ಪಾತ್ರೆಗೆ ಯಾರಾದರೂ ಕಾಫಿ ಮಾಡು ಎಂದರೆ ಅದು 418 ಎಂಬ ದೋಷಸಂಖ್ಯೆ ಕಳಿಸಿ "ನಾನು ಚಹಾ ಪಾತ್ರೆ" ಎಂದು ಹೇಳಿ ಸುಮ್ಮನಾಗಬೇಕು. ಗೀಕ್ ಮಂದಿ ಈ ಸಂಖ್ಯೆಯನ್ನು ಕುಲದೇವರಂತೆ ಕಾಪಾಡಿಕೊಂಡು ಬಂದಿದ್ದಾರೆ. 2017ರಲ್ಲಿ ತೆಗೆದುಹಾಕುವ ಮಾತು ಬಂದಾಗ 418 ಉಳಿಸಿ ಎಂದು ಚಳವಳಿಯನ್ನೇ ಹೂಡಿದರು. ಯಾಕೆಂದು ನನಗೆ ಅರ್ಥವಾಗುತ್ತದೆ. ತಾನು ಏನು, ತನ್ನಿಂದ ಏನಾಗದು ಎಂಬುದು ಅಷ್ಟು ಸ್ಪಷ್ಟವಾಗಿ ಗೊತ್ತಿರುವ ಯಂತ್ರ ಮತ್ತೆ ಹುಟ್ಟಲಿಲ್ಲ.

ಅವರೆಲ್ಲ ನಗುತ್ತ ಮಾಡಿದ್ದನ್ನು ತಮ್ಮವರು ಬಂಡವಾಳ ಹೂಡಿ ಮಾಡುತ್ತಿದ್ದಾರೆ. ತಮ್ಮ ದಾಯಾದಿಗಳನ್ನೇ ನೋಡಿ. 2019ರಲ್ಲಿ ನೈಕಿ ಕಂಪನಿ 350 ಡಾಲರಿಗೆ ದಾರ ತಾನೇ ಬಿಗಿದುಕೊಳ್ಳುವ ಶೂ ತಂದಿತು. ಆಂಡ್ರಾಯ್ಡ್ ಫೋನಿನಿಂದ ಅಪ್‌ಡೇಟ್ ಮಾಡಿದ ಕೆಲವರ ಶೂಗಳು ಫೋನಿನ ಮಾತು ಕೇಳುವುದನ್ನೇ ಬಿಟ್ಟವು. ಐದು ವರ್ಷಕ್ಕೆ ಆ ಶೂವಿನ ಆ್ಯಪನ್ನೇ ಆ್ಯಪ್ ಅಂಗಡಿಯಿಂದ ಎತ್ತಿದರು. ರಿವಾಲ್ವ್ ಎಂಬ ಮನೆ ನಿಯಂತ್ರಕವನ್ನು ಆಜೀವ ಚಂದಾ ಎಂದು ಹೇಳಿ ಮಾರಿದ್ದರು. ಗೂಗಲ್ ಬಳಗದ ನೆಸ್ಟ್ ಕಂಪನಿ ಅದನ್ನು ಕೊಂಡು 2016ರ ಮೇ ತಿಂಗಳಲ್ಲಿ ನಿಲ್ಲಿಸಿತು. ಆಜೀವ ಎಂದರೆ ಯಾರ ಜೀವ ಎಂದು ಯಾರೂ ಕೇಳಿಟ್ಟುಕೊಂಡಿರಲಿಲ್ಲ. ಇನ್ನು ಹ್ಯೂಮೇನ್ ಕಂಪನಿಯ ಎಐ ಪಿನ್: ಅಂಗಿಗೆ ಸಿಕ್ಕಿಸುವ ಬಿಲ್ಲೆ, 699 ಡಾಲರ್, ಮೇಲೆ ತಿಂಗಳಿಗೆ 24 ಡಾಲರ್. ಫೋನನ್ನೇ ಮರೆಸುತ್ತೇನೆಂದು ಬಂದದ್ದು ವರ್ಷ ತುಂಬುವ ಮೊದಲೇ, 2025ರ ಫೆಬ್ರವರಿ 28ರಂದು, ಸ್ಥಗಿತವಾಯಿತು. ಸರ್ವರ್ ನಿಂತ ಮೇಲೂ ಬ್ಯಾಟರಿ ಎಷ್ಟಿದೆ ಎಂಬಂಥದ್ದನ್ನು ಅದು ಹೇಳಬಲ್ಲದು ಎಂದು ಕಂಪನಿ ಗಿರಾಕಿಗಳಿಗೆ ಧೈರ್ಯ ತುಂಬಿತು.

ನಮ್ಮ ಮನೆಯ ಹಾಸಿಗೆಯ ಬಗ್ಗೆಯೂ ತಮಗೆ ತಿಳಿದಿರಲಿ. ಬೂರುಗದ ಹತ್ತಿಯದು, ನೀಲಿ ಪಟ್ಟೆಯ ದಪ್ಪ ಬಟ್ಟೆ. ನಾಲ್ಕೈದು ವರ್ಷಕ್ಕೊಮ್ಮೆ ಹತ್ತಿ ಗಂಟುಗಟ್ಟಿದಾಗ ಬೀದಿಯಲ್ಲಿ ಬಿಲ್ಲಿನ ದಾರ ಮೀಟುತ್ತ ಬರುವ ಹತ್ತಿ ಹಿಂಜುವವನನ್ನು ಕಾದು ಕೂಗುತ್ತಿದ್ದೆವು. ಮೂಗಿಗೆ ಟವೆಲು ಕಟ್ಟಿಕೊಂಡು, ಅಂಗಳದಲ್ಲಿ ಹೊಲಿಗೆ ಬಿಚ್ಚಿ, ಟೊಂಯ್ ಟೊಂಯ್ ಎನ್ನಿಸಿ ಹಿಂಜಿ, ಮಧ್ಯಾಹ್ನದೊಳಗೆ ತುಂಬಿ ಹೊಲಿದು, ದಬ್ಬಣವನ್ನು ಪೇಟಕ್ಕೆ ಸಿಕ್ಕಿಸಿಕೊಂಡು ಹೊರಡುತ್ತಿದ್ದ. ಎರಡು ದಿನ ಮನೆಯವರೆಲ್ಲ ಸೀನುತ್ತಿದ್ದರು. ನಮ್ಮ ಅಪ್‌ಡೇಟ್ ಅದು. ಮಲಗುವವರ ಮಾಹಿತಿಯೂ ಅದರಲ್ಲಿ ದಾಖಲಾಗುತ್ತಿತ್ತು: ಅಪ್ಪ ಮಲಗುತ್ತಿದ್ದ ಕಡೆ ಅಪ್ಪನಷ್ಟು ಅಗಲದ ತಗ್ಗು. ಹಾಸಿಗೆ ಅದನ್ನು ಯಾರಿಗೂ ಕಳಿಸಲಿಲ್ಲ, ಹಿಂಜುವವನು ಬಂದರೆ ಅದೂ ಅಳಿಸಿಹೋಗುತ್ತಿತ್ತು. ಈಗ ಆ ಬಿಲ್ಲಿನ ಸದ್ದು ನಮ್ಮ ಬಡಾವಣೆಯಲ್ಲಿ ಕೇಳುವುದೇ ಅಪರೂಪ, ಎಲ್ಲರೂ ಫೋಮ್ ತಂದಿದ್ದಾರೆ. ತಂಪಿಗೂ ಫೋಮ್ ಅಷ್ಟಕ್ಕಷ್ಟೇ. ಆದ್ದರಿಂದ ತಮ್ಮನ್ನು ಬೇಡವೇ ಬೇಡ ಎನ್ನುತ್ತಿಲ್ಲ. ಬರುವುದಾದರೆ ತಲೆಯನ್ನು ವರ್ಜೀನಿಯಾದಲ್ಲಿ ಬಿಟ್ಟು ಬರಬೇಡಿ. ಕರೆಂಟು ಹೋದರೆ ಹಾಸಿಗೆಯಂತೆ ಬಿದ್ದಿರಲು, ಚಂದಾ ಮುಗಿದ ಮರುದಿನವೂ ಅದೇ ಹಾಸಿಗೆಯಾಗಿರಲು ಒಪ್ಪಿ ಬನ್ನಿ. ಈ ಮಾತನ್ನು ಬರಹದಲ್ಲೇ ಕೊಡಿ, ಆ್ಯಪಿನಲ್ಲಿ ಬೇಡ.

ಇತಿ ತಮ್ಮ ವಿಶ್ವಾಸಿ,
ನೆಲದ ಮೇಲೆ ಮಲಗಿದರೂ ಗೊರಕೆ ಹೊಡೆಯುವ ಒಬ್ಬ

ತಾ.ಕ.: ಮಹಡಿ ಮನೆಯ ಹುಡುಗ ಈ ಪತ್ರವನ್ನು ಓದಿದ. ನಗಲಿಲ್ಲ. ತಮ್ಮ ಕಂಪನಿಯಲ್ಲಿ ಕೆಲಸ ಖಾಲಿ ಇದ್ದರೆ ಹೇಳಿ ಅಂಕಲ್ ಎಂದ, ಮನೆಯಿಂದಲೇ ಮಾಡುವಂಥದ್ದಾದರೆ ಒಳ್ಳೆಯದಂತೆ. ನಿದ್ದೆ ಸಾಫ್ಟ್‌ವೇರಿನಲ್ಲಿ ಅವನಿಗೆ ಅನುಭವವಿಲ್ಲ. ನಿದ್ದೆಗೆಟ್ಟ ಅನುಭವ ಮಾತ್ರ ಬೇಕಾದಷ್ಟಿದೆ. ದಯವಿಟ್ಟು ಪರಿಗಣಿಸಬೇಕಾಗಿ ವಿನಂತಿ.