ಮುಳುಗಬೇಕೋ, ಚಿಮುಕಿಸಬೇಕೋ

ಕಮತಗಿಯಲ್ಲಿ ನಮ್ಮ ಕ್ರೈಸ್ತರ ಮನೆಗಳು ಬೆರಳೆಣಿಕೆಯಷ್ಟು. ವಾದಗಳಿಗೆ ಮಾತ್ರ ಬರವಿಲ್ಲ. ರೋಮಿಗೆ ರಫ್ತು ಮಾಡುವಷ್ಟಿವೆ. ದೀಕ್ಷಾಸ್ನಾನಕ್ಕೆ ತಲೆಯ ಮೇಲೆ ನಾಲ್ಕು ಹನಿ ಚಿಮುಕಿಸಿದರೆ ಸಾಕೋ, ಪೂರ್ತಿ ಮುಳುಗಿಸಬೇಕೋ? ಸಬ್ಬತ್ತು ಶನಿವಾರವೋ ರವಿವಾರವೋ? ಕಿವಿಯಲ್ಲಿ ಬೆಂಡೋಲೆ ಇದ್ದವಳಿಗೆ ಪರಲೋಕದ ಬಾಗಿಲು ತೆರೆಯುತ್ತದೋ ಇಲ್ಲವೋ? ಹುಚ್ಚೇಶ್ವರ ಜಾತ್ರೆಯ ದಿನ ಪಕ್ಕದ ಮನೆಯಿಂದ ಬಂದ ಹೋಳಿಗೆ ತಿನ್ನಬಹುದೋ? ಈ ಕೊನೆಯ ಪ್ರಶ್ನೆಯನ್ನು ಮಾತ್ರ ಹೋಳಿಗೆ ತಿಂದು ಕೈತೊಳೆದ ಮೇಲೆಯೇ ಎತ್ತುವುದು ವಾಡಿಕೆ.

ಹುಚ್ಚು ತರ್ಕದ ಗೊಡವೆಗೆ ಹೋಗಬೇಡಿ ಎಂಬ ಬುದ್ಧಿಮಾತು ಬೈಬಲಿನಲ್ಲಿ ತಿಮೊಥೆಯನಿಗೂ ತೀತನಿಗೂ ಬರೆದ ಪತ್ರಗಳಲ್ಲಿದೆ. ತಿಮೊಥೆಯನಿಗೆ ಬರೆದ ಮೊದಲ ಪತ್ರವನ್ನು ಪೌಲನೇ ಬರೆದನೇ ಎಂದು ಜರ್ಮನಿಯ ಪಂಡಿತ ಶ್ಲಾಯರ್‌ಮಾಖರ್ 1807ರಲ್ಲಿ ಸಂಶಯ ಎತ್ತಿದ. ಆಮೇಲೆ ಉಳಿದ ಪತ್ರಗಳಿಗೂ ಅದೇ ಗತಿಯಾಯಿತು. ವಾದ ಬೇಡವೆನ್ನುವ ಪತ್ರಗಳ ಮೇಲೆ ಪಂಡಿತರ ವಾದ ಇನ್ನೂ ಮುಗಿದಿಲ್ಲ.

ದಕ್ಷಿಣ ಭಾರತ ಸಭೆಯ ಕಥೆಯೂ ಅಷ್ಟೇ. ಬೇರೆಬೇರೆ ಪಂಗಡಗಳು ಒಂದಾಗುವ ಮಾತು 1919ರಲ್ಲಿ ತರಂಗಂಬಾಡಿಯಲ್ಲಿ ಶುರುವಾಗಿ, ಬಿಷಪ್ಪರ ವಿಷಯದಲ್ಲಿ ಜಗ್ಗಾಡಿ ಜಗ್ಗಾಡಿ, 1947ರ ಸೆಪ್ಟೆಂಬರ್ 27ಕ್ಕೆ ದಡ ಮುಟ್ಟಿತು. ಬ್ರಿಟಿಷರು ಅದಕ್ಕೂ ಆರು ವಾರ ಮೊದಲೇ ಗಂಟುಮೂಟೆ ಕಟ್ಟಿದ್ದರು.

ಪಕ್ಕದ ಗುಳೇದಗುಡ್ಡಕ್ಕೆ ಬಾಸೆಲ್ ಮಿಶನ್ ಬಂದದ್ದು 1851ರಲ್ಲಿ. ಸಂತೆ, ಜಾತ್ರೆಗಳಲ್ಲಿ ನಿಂತು ಸಾರುವುದು, ಎದುರು ಸಿಕ್ಕವರೊಡನೆ ವಾದಕ್ಕಿಳಿಯುವುದು ಆ ಕಾಲದ ಪಾದ್ರಿಗಳ ದಿನಚರಿ. ವಾದಿಸಬೇಕಾದರೆ ಎದುರಿನವರ ಪುಸ್ತಕ ಓದಬೇಕಲ್ಲ! ಮಿಶನ್ನಿನ ವ್ಯೂರ್ತ್ ಪಾದ್ರಿ ಬಸವ ಪುರಾಣ ಓದಿ, 1860ರ ದಶಕದಲ್ಲಿ ಅದನ್ನು ಇಂಗ್ಲಿಷಿಗೇ ತಂದುಬಿಟ್ಟರು. ಜಾತ್ರೆಯ ವಾದಗಳಲ್ಲಿ ಗೆದ್ದವರು ಯಾರೆಂದು ಯಾವ ಊರಿಗೂ ನೆನಪಿಲ್ಲ.

ನಮ್ಮ ಸೋದರಮಾವ ಇಳಕಲ್ ಸೀರೆ ನೇಯುವವರು, ಚಿಮುಕಿಸುವ ಪಕ್ಷದ ಮುಖಂಡರು. ಒಡಲಿಗೂ ಸೆರಗಿಗೂ ಎಳೆ ಎಳೆಯಾಗಿ ಕೊಂಡಿ ಹಾಕುವಾಗ ಉಸಿರು ಬಿಗಿಹಿಡಿದು ಕೂಡುವ ಮನುಷ್ಯ, ಮುಳುಗಿಸುವ ಪಕ್ಷದ ಹುಡುಗ ಪಾಸ್ಟರ್ ಬಂದನೆಂದರೆ ಲಾಳಿಯನ್ನು ಕೈಯಲ್ಲೇ ಹಿಡಿದು ಯೊರ್ದನ್ ಹೊಳೆಯ ಆಳ ಅಳೆಯಲು ತೊಡಗುತ್ತಾರೆ. ಅತ್ತೆ ಕೊಡ ಎತ್ತಿಕೊಂಡು, “ಇವ್ರು ಗೆದ್ರೂ ನೀರಿಗೆ ನಾನಽ ಹೋಗ್ಬೇಕು, ಅಂವ ಗೆದ್ರೂ ನಾನಽ ಹೋಗ್ಬೇಕು” ಎಂದು ಹೊರಡುತ್ತಾರೆ. ವ್ಯರ್ಥ ವಾದವನ್ನು ಗುರುತಿಸಲು ಇದಕ್ಕಿಂತ ಒಳ್ಳೆಯ ಒರೆಗಲ್ಲು ನನಗೆ ಯಾವ ವೇದಶಾಸ್ತ್ರದಲ್ಲೂ ಸಿಕ್ಕಿಲ್ಲ. ಆಳಿನ ಕೂಲಿ ಹಿಡಿದಿಟ್ಟುಕೊಳ್ಳುವವರಿಗೆ ಯಾಕೋಬ ತನ್ನ ಪತ್ರದಲ್ಲಿ ಛೀಮಾರಿ ಹಾಕಿದ್ದಾನೆ. ಆ ವಾಕ್ಯದ ಮೇಲೆ ನಮ್ಮಲ್ಲಿ ಇದುವರೆಗೆ ಒಂದೂ ವಾದ ನಡೆದಿಲ್ಲ.

ಹೋದ ಬೇಸಿಗೆಯಲ್ಲಿ ಆ ಪಾಸ್ಟರ್ ಒಬ್ಬ ಹೆಣ್ಣುಮಗಳಿಗೆ ದೀಕ್ಷಾಸ್ನಾನ ಕೊಡಬೇಕಿತ್ತು. ನವಿಲುತೀರ್ಥದಲ್ಲಿ ಅಣೆಕಟ್ಟು ಎದ್ದ ಮೇಲೆ ನಮ್ಮ ಕಡೆಯ ಮಲಪ್ರಭೆ ಏಪ್ರಿಲ್‌ನಲ್ಲಿ ಪಾದ ತೊಳೆಯುವ ಸಂಸ್ಕಾರಕ್ಕಷ್ಟೇ ಸಾಲುತ್ತದೆ. ಕೊನೆಗೆ ಗೌಡರೊಬ್ಬರ ಕೃಷಿಹೊಂಡ ಕೇಳಿದರು. ಗೌಡರು ಲಿಂಗವಂತರು, ಸಿದ್ಧಾಂತದ ಸುದ್ದಿಗೇ ಬರಲಿಲ್ಲ. “ಮುಳುಗ್ರಿ, ಏಳ್ರಿ. ಸಾಬಾಣ ಮಾತ್ರ ಹಚ್ಚಬ್ಯಾಡ್ರಿ, ಮೆಣಸಿನ ಗಿಡಕ್ಕ ಬಿಡೂ ನೀರದು.”

ತಪ್ಪು ಹಿಡಿಯಲೆಂದೇ ಮಾವನೂ ಹೋಗಿ ದಂಡೆಯ ಮೇಲೆ ನಿಂತರು. ಹೊಂಡಕ್ಕೆ ಹಾಸಿದ ಪ್ಲಾಸ್ಟಿಕ್ ಹಾಳೆ, ಅದರ ಮೇಲೆ ನೀರು. “ಯೊರ್ದನ್ದಾಗ ಮೊಣಕಾಲಮಟ ನೀರಿತ್ತೋ ತಮ್ಮಾ...” ಎನ್ನುತ್ತಲೇ ಜಾರಿ ಟೋಪಿ ಸಮೇತ ಮುಳುಗಿದರು. ಪಾಸ್ಟರೇ ರಟ್ಟೆ ಹಿಡಿದು ಎತ್ತಿದ.

ಈಗ ಇದು ದೀಕ್ಷಾಸ್ನಾನವೋ ಅಲ್ಲವೋ? ತಂದೆ, ಮಗ, ಪವಿತ್ರಾತ್ಮನ ಹೆಸರು ಹೇಳಿಲ್ಲ, ಸಲ್ಲದು ಎಂದರು ಕೆಲವರು. ಯೇಸುವಿನ ಹೆಸರೊಂದೇ ಸಾಕೆನ್ನುವವರೂ ದಂಡೆಯಲ್ಲಿದ್ದರು. ಬೀಳುವಾಗ ಮಾವ ‘ಯೇಸಪ್ಪಾ’ ಎಂದದ್ದನ್ನು ಕಿವಿಯಾರೆ ಕೇಳಿದ್ದೇವೆ ಎಂದು ಪಟ್ಟು ಹಿಡಿದರು.

“ಯಪ್ಪಾ ಅಂದೇನ್ರೋ! ಯಾರರ ಬಿದ್ರ ಯಪ್ಪಾ ಅನ್ನೂದಿಲ್ಲೇನು?” ಮಾವ ಧೋತರ ಹಿಂಡುತ್ತ ಕೂಗಿದರು. ಪಾಸ್ಟರ್ ಬೈಬಲ್ ತರಿಸಿದ. ಗೌಡರು ಹಾಳೆ ಎಲ್ಲಾದರೂ ಹರಿದಿದೆಯೇ ಎಂದು ಬಗ್ಗಿ ಬಗ್ಗಿ ನೋಡುತ್ತಿದ್ದರು. ಎದೆಮಟ ನೀರಿನಲ್ಲಿ ಕಾಯುತ್ತ ನಿಂತಿದ್ದ ಹೆಣ್ಣುಮಗಳು ಕೊನೆಗೆ ಬಾಯಿ ಬಿಟ್ಟಳು: “ಅಣ್ಣಾರ, ನನ್ನ ಬಸ್ ಹೋಗ್ತೈತ್ರಿ, ಲಗೂನ ಮುಳುಗಸ್ರಿ.”